ಒಳಗೆ ಒಬ್ಬಳಾದರೂ ಬೇಡವೆ?

ಕಳೆದ ವರ್ಷ ತಿಪಟೂರಿನಲ್ಲಿ ನಮ್ಮ ದಾಯಾದಿಗಳ ಮನೆ ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ದೊಡ್ಡಮ್ಮ ಕೋಸಂಬರಿ ಸರಿಸುತ್ತಾ ಕೇಳಿದರು: "ಅಲ್ಲ ಕಣೇ, ಹೆರಿಗೇಲಿ ಕೈ ಹಿಡ್ಕೊಳ್ಳೋಕೆ ಅಂತ ಯಾರಿಗೋ ಮೂವತ್ತು ಸಾವಿರ ಕೊಟ್ಯಂತೆ? ಅಷ್ಟು ಕೊಟ್ಟೂ ಕೊನೆಗೆ ಹೊಟ್ಟೆ ಕುಯ್ದೇ ಮಗು ತೆಗೆದ್ರಂತೆ?" ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಎಲೆಯ ಮುಂದೆ ಕೂತು ಜಗಳ ಆಡುವ ಪದ್ಧತಿ ನಮ್ಮಲ್ಲಿಲ್ಲ. ಆವತ್ತು ಬಾಯಿಗೆ ಬಾರದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಇದು ದೊಡ್ಡಮ್ಮನಿಗೆ ಮಾತ್ರ ಅಲ್ಲ, "ತವರಿಗೆ ಬಂದಿದ್ರೆ ಇದೆಲ್ಲ ಬೇಕಿತ್ತಾ" ಎಂದು ಫೋನಿನಲ್ಲಿ ಹೇಳಿದ ಎಲ್ಲರಿಗೂ. ಅಂಥವರು ನಿಮ್ಮಲ್ಲೂ ಕೆಲವರು ಇರಬಹುದು.

ಮೊದಲು ತವರಿನ ವಿಷಯ ಮುಗಿಸಿಬಿಡುತ್ತೇನೆ. ಚೊಚ್ಚಲು ಹೆರಿಗೆ ತವರಲ್ಲಿ ಅನ್ನುವುದು ನನಗೂ ಗೊತ್ತು. ಆದರೆ ತವರು ಅನ್ನುವುದು ಊರಲ್ಲ, ಅಲ್ಲಿರುವ ಅಮ್ಮ. ನಾನು ಬಸುರಿಯಾದ ವರ್ಷವೇ ಅಪ್ಪನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಅವರನ್ನು ಮಗ್ಗುಲು ಬದಲಿಸಿ ಮಲಗಿಸುವುದರಲ್ಲೇ ಅಮ್ಮನ ದಿನ ಮುಗಿಯುತ್ತಿತ್ತು. ಅತ್ತೆ ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಅಕ್ಕತಂಗಿಯರಿಲ್ಲ. ನಾವಿಬ್ಬರೂ ಚೆನ್ನೈಯಲ್ಲಿ, ವೇಳಚ್ಚೇರಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಹೀಗೆ ಸಿಕ್ಕಿಕೊಂಡವರು ನಾವೊಬ್ಬರೇ ಅಲ್ಲ. ಮುಂಬೈ, ಪುಣೆ, ಹೈದರಾಬಾದುಗಳಲ್ಲಿರುವ ಕನ್ನಡದ ಮನೆಗಳಲ್ಲಿ ಈ ಲೆಕ್ಕ ಎಷ್ಟೋ ಸಲ ಆಗಿರುತ್ತದೆ: ಯಾರು ಬರ್ತಾರೆ, ಎಷ್ಟು ದಿನ ಇರ್ತಾರೆ, ಅಲ್ಲಿ ಯಾರನ್ನು ಬಿಟ್ಟು ಬರ್ತಾರೆ. ನಮ್ಮ ಲೆಕ್ಕದಲ್ಲಿ ಉಳಿದದ್ದು ಸೊನ್ನೆ.

ಆಗ ಆಫೀಸಿನ ಗೆಳತಿಯೊಬ್ಬಳು ಡೂಲಾ ಎಂಬ ಪದ ಹೇಳಿದಳು. ನಾನು ಅದುವರೆಗೆ ಕೇಳಿರಲಿಲ್ಲ. ಡೂಲಾ ಅಂದರೆ ಸೂಲಗಿತ್ತಿಯಲ್ಲ. ಆಕೆ ಮಗುವನ್ನು ಹಿಡಿಯುವುದಿಲ್ಲ, ಇಂಜೆಕ್ಷನ್ ಮುಟ್ಟುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ. ನೋವು ಶುರುವಾದಾಗಿನಿಂದ ಮಗು ಹುಟ್ಟುವವರೆಗೆ ಜೊತೆಗಿರುತ್ತಾಳೆ. ಸೊಂಟ ಒತ್ತುತ್ತಾಳೆ, ನಡೆಸುತ್ತಾಳೆ, ನೀರು ಕುಡಿಸುತ್ತಾಳೆ, ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳುತ್ತಾಳೆ. ಪದ ಗ್ರೀಕಿನದು, ಮೂಲದಲ್ಲಿ ದಾಸಿ ಎಂಬರ್ಥ. ಡೇನಾ ರಫೇಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1973ರ ತಮ್ಮ ಪುಸ್ತಕದಲ್ಲಿ ಈ ಪದ ಬಳಸಿದ್ದು ಹಾಲೂಡಿಸುವ ಹೊಸ ತಾಯಿಗೆ ಒತ್ತಾಸೆಯಾಗಿ ನಿಲ್ಲುವ ಹೆಂಗಸಿಗೆ. ನಮ್ಮಲ್ಲಿ ಬಾಣಂತನ ಮಾಡುವವಳಿಗೆ ಎಂದುಕೊಳ್ಳಿ. ಆಮೇಲೆ ಅದು ಹೆರಿಗೆಯ ಹೊತ್ತಿನ ಸಂಗಾತಿಗೂ ಬಂತು. ನಮ್ಮ ಅಜ್ಜಿಗೆ ಹೇಳಿದ್ದರೆ, ಇದಕ್ಕೊಂದು ಹೆಸರು ಬೇರೆ ಬೇಕಾ ಅನ್ನುತ್ತಿದ್ದರು. ಅವರ ಕಾಲದಲ್ಲಿ ಹೆರಿಗೆ ಕೋಣೆಯಲ್ಲಿ ಸೂಲಗಿತ್ತಿಯ ಜೊತೆಗೆ ಇನ್ನೂ ಇಬ್ಬರು ಮೂವರು ಹೆಂಗಸರು ಇದ್ದೇ ಇರುತ್ತಿದ್ದರು.

ಹುಡುಕಲು ಶುರುಮಾಡಿದೆ. ಮೊದಲು ಸಿಕ್ಕವರಿಗೆ ನನ್ನ ದಿನಗಳಲ್ಲಿ ಆಗಲೇ ಮೂರು ಹೆರಿಗೆ ಗೊತ್ತಾಗಿದ್ದವು. ಎರಡನೆಯವರು ನಲವತ್ತೈದು ಸಾವಿರ ಹೇಳಿದರು. ಮೂರನೆಯವರು ಮೂವತ್ತಕ್ಕೆ ಒಪ್ಪಿದರು, ಎರಡು ಕಂತಿನಲ್ಲಿ. ಮೂವರೂ ಅಡ್ಯಾರು, ಬೆಸೆಂಟ್ ನಗರದ ಸುತ್ತಿನವರೇ. ಮೂವರ ಮಾತೂ ಚೆಂದದ ಇಂಗ್ಲಿಷಿನಲ್ಲಿ. ಮೂವತ್ತು ಸಾವಿರ ನಮ್ಮ ಒಂದೂವರೆ ತಿಂಗಳ ಮನೆ ಬಾಡಿಗೆ. ಕೊಡಬಹುದಾದ ಸ್ಥಿತಿಯಲ್ಲಿದ್ದೆವು, ಕೊಟ್ಟೆವು. ನಮ್ಮ ಕಟ್ಟಡದ ವಾಚ್‌ಮನ್ನಿನ ಹೆಂಡತಿಯೂ ಆಗ ಬಸುರಿ. ಅವಳಿಗೆ ಈ ಅಂಗಡಿಯ ಬಾಗಿಲೇ ಇಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ನನ್ನ ಜಗಳ ತಪ್ಪು ಜಾಗಕ್ಕೆ ಹೋಗುತ್ತದೆ. ಆ ಮೂವತ್ತು ಸಾವಿರ ಹೆಚ್ಚಾಯಿತು ಅಂತ ನಾನು ಹೇಳುವುದಿಲ್ಲ. ಎರಡು ಸಲ ಮನೆಗೆ ಬಂದು ಮೂರು ಮೂರು ಗಂಟೆ ಕೂತು ಹೇಳಿಕೊಟ್ಟರು. ಮೂವತ್ತೆಂಟನೇ ವಾರದಿಂದ ಊರು ಬಿಟ್ಟು ಕದಲಲಿಲ್ಲ. ರಾತ್ರಿ ಫೋನು ತಲೆದಿಂಬಿನ ಪಕ್ಕ. ಒಂದು ಹೆರಿಗೆಗೆ ಒಪ್ಪಿಕೊಂಡರೆ ಅದೇ ವಾರಕ್ಕೆ ಇನ್ನೊಂದನ್ನು ಒಪ್ಪಿಕೊಳ್ಳುವ ಹಾಗಿಲ್ಲ. ತಿಂಗಳಿಗೆ ಎರಡು ಮೂರಕ್ಕಿಂತ ಹೆಚ್ಚು ಮಾಡಲಾಗದ ಕೆಲಸ. ಮದುವೆಗೆ ಫೋಟೋ ತೆಗೆಯುವವನಿಗೆ ಲಕ್ಷ ಎಣಿಸುವ ನಾವು, ದೊಡ್ಡಮ್ಮ, ಆ ದಿನ ಊಟ ಮಾಡಿದ ಅದೇ ಮದುವೆಯಲ್ಲಿ ಎಣಿಸಿದ್ದೇವೆ, ಇಡೀ ರಾತ್ರಿ ಸೊಂಟ ಒತ್ತಿದವಳ ಕೂಲಿ ಕೇಳಿ ನಗುತ್ತೇವೆ. ಹೆಂಗಸರು ಹೆಂಗಸರಿಗೆ ಮಾಡುವ ಕೆಲಸಕ್ಕೆ ದುಡ್ಡು ಅಂದರೆ ನಮಗೆ ಇನ್ನೂ ನಗು.

ನನ್ನ ಜಗಳ ಆಸ್ಪತ್ರೆಯ ಬಾಗಿಲಿನ ಜೊತೆ.

ಹೆಸರು ಬರೆಸುವ ದಿನ ಕೌಂಟರಿನ ಹುಡುಗಿಯನ್ನು ಕೇಳಿದ್ದೆ, ಡೂಲಾ ಬರಬಹುದಾ ಅಂತ. "ನೋ ಪ್ರಾಬ್ಲಂ ಮೇಡಂ" ಅಂದಳು. ಮುಂಗಡ ಕಟ್ಟಿ ತಿಂಗಳಾದ ಮೇಲೆ, ಮೂವತ್ತಾರನೇ ವಾರದಲ್ಲಿ, ಬೇರೆ ಮಾತು ಬಂತು. ಹೆರಿಗೆ ವಾರ್ಡಿನೊಳಗೆ ಯಾರಿಗೂ ಪ್ರವೇಶವಿಲ್ಲ, ಕೊನೆಯ ಅರ್ಧ ಗಂಟೆ ಗಂಡ ಬರಬಹುದು. ಡೂಲಾ ಬೇಕಿದ್ದರೆ 'ಬರ್ತಿಂಗ್ ಸೂಟ್' ತಗೊಳ್ಳಿ, ಇಪ್ಪತ್ತೆಂಟು ಸಾವಿರ ಹೆಚ್ಚು. ಅಂದರೆ ಮೂವತ್ತು ಸಾವಿರ ಜೊತೆಗಿರುವವಳಿಗೆ, ಇಪ್ಪತ್ತೆಂಟು ಸಾವಿರ ಅವಳು ಜೊತೆಗಿರಲು ಆಸ್ಪತ್ರೆಗೆ. ಡೂಲಾ ದುಬಾರಿ ಅಂತ ಹೇಳುವವರು ಈ ಎರಡನೇ ಮೊತ್ತವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸರಿ, ಅದನ್ನೂ ಕಟ್ಟೋಣ ಅಂದುಕೊಂಡೆವು. ಆದರೆ ಸೂಟ್ ಮುಂಚೆ ಕಾದಿರಿಸುವ ಹಾಗಿಲ್ಲ, ಬಂದ ಹೊತ್ತಿಗೆ ಖಾಲಿ ಇದ್ದರೆ ಉಂಟು. ಇರುವುದು ಎರಡೇ.

ನೋವು ಬಂದದ್ದು ರಾತ್ರಿ ಹತ್ತಕ್ಕೆ. ಹನ್ನೊಂದೂವರೆಗೆ ಆಕೆ ಮನೆಯಲ್ಲಿದ್ದರು. ಬೆಳಗಿನ ಐದರವರೆಗೆ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಡೆಸಿದರು. ನೋವು ಬಂದಾಗ ಅವರ ಹೆಗಲಿಗೆ ಜೋತುಬೀಳುತ್ತಿದ್ದೆ, ಹೋದಾಗ ಕುರ್ಚಿಯ ಮೇಲೆ ಕವುಚಿ ಕೂರುತ್ತಿದ್ದೆ. ಇವರು ಬಿಸಿನೀರಿನ ಚೀಲ ತುಂಬಿ ತುಂಬಿ ಕೊಟ್ಟರು. ಮಧ್ಯೆ ಒಮ್ಮೆ ನಾನು ಅಮ್ಮನನ್ನು ಕರೆದು ಅತ್ತೆ. ಅವರಿಗೆ ಕನ್ನಡ ಬಾರದು, ಆದರೆ ಆ ಒಂದು ಪದಕ್ಕೆ ಅನುವಾದ ಬೇಕಿರಲಿಲ್ಲ. ಆ ಆರು ಗಂಟೆ ನನಗೆ ನೋವಿತ್ತು, ಭಯ ಇರಲಿಲ್ಲ.

ಐದೂವರೆಗೆ ಆಸ್ಪತ್ರೆ. ಎರಡೂ ಸೂಟ್ ತುಂಬಿದ್ದವು. ಆರು ಗಂಟೆಗೆ ವಾರ್ಡಿನ ಬಾಗಿಲಲ್ಲಿ ನನ್ನ ಬಳೆ, ಫೋನು, ಚಪ್ಪಲಿ ತೆಗೆಸಿದರು. ಗಂಡ ಮತ್ತು ಡೂಲಾ ಇಬ್ಬರನ್ನೂ ಹೊರಗಿನ ಸ್ಟೀಲ್ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಎಂಟು ಮಂಚ, ನನ್ನದು ಐದನೆಯದು. ಹೊಟ್ಟೆಗೆ ಮಾನಿಟರಿನ ಪಟ್ಟಿ ಬಿಗಿದು ಅಂಗಾತ ಮಲಗಿಸಿದರು. ಅಲ್ಲಾಡಬೇಡಿ, ಪಟ್ಟಿ ಜಾರುತ್ತೆ. ಅಲ್ಲಿಂದ ನಾಲ್ಕು ಗಂಟೆ.

ಪಕ್ಕದ ಮಂಚದವಳಿಗೆ ನರ್ಸು "ಮುಕ್ಕು, ಮುಕ್ಕು" ಅಂತ ಗದರುತ್ತಿದ್ದಳು. ನನಗೆ ಗೊತ್ತಿದ್ದ ಮುಕ್ಕು ಒಂದೇ, ಮಣ್ಣು ಮುಕ್ಕು ಅನ್ನುವ ನಮ್ಮೂರ ಬೈಗುಳದ್ದು. ಇಂಥಾ ಹೊತ್ತಲ್ಲಿ ಪಾಪ ಅವಳಿಗೆ ಏನು ತಿನ್ನಿಸ್ತಿದಾರೆ ಅಂದುಕೊಂಡೆ. ತಮಿಳಿನಲ್ಲಿ ಅದು ತಿಣುಕು ಎನ್ನುವುದಂತೆ. ಆರು ವರ್ಷ ಆ ಊರಲ್ಲಿದ್ದೆ, ತರಕಾರಿಯವನ ಜೊತೆ ಚೌಕಾಸಿ ಮಾಡುವಷ್ಟು ತಮಿಳು ಬರುತ್ತಿತ್ತು. ಹೆರುವುದಕ್ಕೆ ಅದು ಸಾಕಾಗಲಿಲ್ಲ. ಈಗ ನೆನೆದರೆ ನಗು ಬರುತ್ತದೆ. ಅಂದು ಮಾತ್ರ, ಯಾರಾದರೂ ನನ್ನ ಹತ್ತಿರ ಬಂದು ಮುಂದೇನು ಅಂತ ಒಂದು ಮಾತು ಹೇಳಿದರೆ ಸಾಕಿತ್ತು. ಡಾಕ್ಟರು ಎರಡು ಸಲ ಬಂದರು, ಒಳಪರೀಕ್ಷೆ ಮಾಡಿ ಒಂದು ಸಂಖ್ಯೆಯನ್ನು ನರ್ಸಿಗೆ ಹೇಳಿ ಹೋದರು. ನನಗಲ್ಲ.

ಒಬ್ಬಳು ಬಂದಳು. ಆಯಾ. ಐವತ್ತು ದಾಟಿದ ಹೆಂಗಸು, ಬಟ್ಟೆ ಬದಲಿಸಿ ನೆಲ ಒರೆಸುವವಳು. ಬಕೆಟ್ ಕೆಳಗಿಟ್ಟು ನನ್ನನ್ನು ಎಡಮಗ್ಗುಲಿಗೆ ತಿರುಗಿಸಿ, ಅಂಗೈಯ ಬುಡದಿಂದ ಸೊಂಟ ಒತ್ತಿದಳು. ಸರಿಯಾದ ಜಾಗಕ್ಕೆ. ಯಾವ ಸರ್ಟಿಫಿಕೇಟೂ ಇಲ್ಲದ ಕೈ. ಹತ್ತು ನಿಮಿಷವೂ ಆಗಿರಲಿಲ್ಲ, ಆ ಕಡೆಯಿಂದ ನರ್ಸು ಕೂಗಿದಳು: ಅಲ್ಲೇನು ಮಾಡ್ತಿದೀಯ, ಏಳನೇ ಬೆಡ್ಡಿನ ಶೀಟು ಯಾರು ಬದಲಾಯಿಸ್ತಾರೆ? ಹೋದಳು. ನರ್ಸನ್ನೂ ನಾನು ದೂರಲಾರೆ, ಎಂಟು ಮಂಚಕ್ಕೆ ಇಬ್ಬರೇ ಇದ್ದರು. ಅಲ್ಲಿಂದ ಹದಿನೈದು ಹೆಜ್ಜೆ ದೂರದಲ್ಲಿ, ಬಾಗಿಲ ಆಚೆ, ಇದೇ ಕೆಲಸಕ್ಕೆಂದು ನಾನು ದುಡ್ಡು ಕೊಟ್ಟು ಕರೆತಂದವರು ಸುಮ್ಮನೆ ಕೂತಿದ್ದರು.

ಹತ್ತು ಗಂಟೆಯ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಸಿಸೇರಿಯನ್ ಮಾಡಿದರು. ಮಗಳು ಚೆನ್ನಾಗಿದ್ದಾಳೆ. ಡೂಲಾ ಒಳಗಿದ್ದಿದ್ದರೆ ಸಹಜ ಹೆರಿಗೆ ಆಗುತ್ತಿತ್ತು ಅಂತ ನಾನು ಹೇಳುವುದಿಲ್ಲ, ಹೇಳಲು ನನಗೆ ಹಕ್ಕಿಲ್ಲ. ಕತ್ತಿಯ ಮೇಲೆ ನನಗೆ ದೂರಿಲ್ಲ, ಅದು ಮಗಳನ್ನು ಉಳಿಸಿತು. ಕತ್ತಿಗೆ ಮುಂಚಿನ ಆ ನಾಲ್ಕು ಗಂಟೆಯ ಮೇಲೆ ದೂರಿದೆ. ಆದ್ದರಿಂದ, ದೊಡ್ಡಮ್ಮ, "ಕೊನೆಗೆ ಹೊಟ್ಟೆ ಕುಯ್ದರಲ್ಲ" ಅನ್ನುವುದು ಉತ್ತರವೇ ಅಲ್ಲ. ಕುಯ್ಯುವ ಮುಂಚೆ ಒಬ್ಬಳು ಪಕ್ಕದಲ್ಲಿ ಕೂತು, ಏನಾಗ್ತಿದೆ, ಯಾಕೆ ಮಾಡ್ತಿದಾರೆ ಅಂತ ಹೇಳಬಹುದಿತ್ತು.

ಇದು ನನ್ನೊಬ್ಬಳ ಮೆದು ಮನಸ್ಸಿನ ಮಾತು ಅನ್ನುವವರಿಗೆ ಸ್ವಲ್ಪ ಲೆಕ್ಕ ಕೊಡುತ್ತೇನೆ. 1980ರಲ್ಲಿ ಮಾರ್ಷಲ್ ಕ್ಲೌಸ್, ಜಾನ್ ಕೆನೆಲ್ ಎಂಬ ವೈದ್ಯರು ತಮ್ಮ ಜೊತೆಗಾರರೊಂದಿಗೆ ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ಮಾಡಿದ ಅಧ್ಯಯನ ಪ್ರಕಟಿಸಿದರು. ಕೆಲವು ಬಸುರಿಯರ ಪಕ್ಕ ಒಬ್ಬ ಹೆಂಗಸನ್ನು ಕೂರಿಸಿದರು, ಉಳಿದವರನ್ನು ಆಸ್ಪತ್ರೆಯ ರೂಢಿಯಂತೆ ಒಂಟಿಯಾಗಿ ಬಿಟ್ಟರು. ತೊಡಕಿಲ್ಲದೆ ಹೆತ್ತವರಲ್ಲಿ, ಸೇರಿದಾಗಿನಿಂದ ಹೆರುವವರೆಗೆ ಜೊತೆ ಇದ್ದವರಿಗೆ ಸರಾಸರಿ 8.8 ಗಂಟೆ, ಒಂಟಿಯಾಗಿದ್ದವರಿಗೆ 19.3 ಗಂಟೆ. ಆ ಹೆಂಗಸು ನರ್ಸೂ ಅಲ್ಲ, ಸೂಲಗಿತ್ತಿಯೂ ಅಲ್ಲ, ಅಲ್ಲಿಯವರೆಗೆ ಮುಖಪರಿಚಯವೂ ಇಲ್ಲದವಳು. ಅದೇ ಗುಂಪು ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಾಡಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೊತೆ ಇದ್ದವರಲ್ಲಿ ಸಿಸೇರಿಯನ್ ನೂರಕ್ಕೆ 8, ಇಲ್ಲದವರಲ್ಲಿ 18. 2017ರಲ್ಲಿ ಇಂಥ 26 ಅಧ್ಯಯನಗಳನ್ನು, ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದಾಗಲೂ ದಿಕ್ಕು ಅದೇ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಹೆಂಗಸರಿಗೂ ಅವರೇ ಆರಿಸಿಕೊಂಡ ಸಂಗಾತಿ ಹೆರಿಗೆಯಲ್ಲಿ ಜೊತೆಗಿರಲಿ ಎಂದು ಶಿಫಾರಸು ಮಾಡಿತು. ಇಷ್ಟು ಕಡಿಮೆ ಖರ್ಚಿನ ಔಷಧಿ ಯಾವುದಾದರೂ ಕಂಪನಿಯ ಕೈಗೆ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಪ್ರತಿ ವಾರ್ಡಿನಲ್ಲೂ ಇರುತ್ತಿತ್ತು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಮಗಳಿಗೆ ಮೂರು ತಿಂಗಳಾದಾಗ. ಮನೆಗೆಲಸಕ್ಕೆ ಬರುವ ಅಕ್ಕನ ಮಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮರುದಿನ ಕೆಲಸಕ್ಕೆ ಬಂದ ಅಕ್ಕ ರಾತ್ರಿಯಿಡೀ ಮಗಳ ಪಕ್ಕದಲ್ಲೇ ನಿಂತಿದ್ದೆ ಅಂದಳು. ಒಳಗಾ? ಒಳಗೇ. ನಾನು ನಂಬಲಿಲ್ಲ. ಆಮೇಲೆ ಓದಿ ತಿಳಿದೆ: ತಮಿಳುನಾಡು ಸರ್ಕಾರ 2004ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಮಾಡಿತ್ತು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಡೀ ದೇಶದ ಸರ್ಕಾರಿ ಆಸ್ಪತ್ರೆಗಳಿಗೆ ಅದನ್ನೇ ಹೇಳಿತು. ಒಂದು ಸಲ ಹೆತ್ತ ಅನುಭವವಿರುವ ಸಂಬಂಧಿಕ ಹೆಂಗಸು ಇರಬಹುದು, ಮರೆಯ ಏರ್ಪಾಡಿದ್ದಲ್ಲಿ ಗಂಡನೂ ಇರಬಹುದು. 2017ರ ಕೊನೆಯಲ್ಲಿ ಬಂದ 'ಲಕ್ಷ್ಯ' ಕಾರ್ಯಕ್ರಮವೂ ಇದನ್ನು ಒಳಗೊಂಡಿದೆ. ಅಂದರೆ ಮನೆಗೆಲಸದವಳ ಮಗಳಿಗೆ ಪುಕ್ಕಟೆಯಾಗಿ ಸಿಕ್ಕಿದ್ದು, ಎರಡು ಲಕ್ಷದ ಹತ್ತಿರ ಬಿಲ್ಲು ಕಟ್ಟಿದ ನನಗೆ ಸಿಗಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಗದರುವವರಿಲ್ಲ, ಎಲ್ಲ ಸ್ವರ್ಗ ಅಂತ ನಾನು ಹೇಳುತ್ತಿಲ್ಲ, ಅಕ್ಕ ಆ ಪಟ್ಟಿಯನ್ನೂ ಕೊಟ್ಟಳು. ಆದರೆ ಆ ಒಂದು ಬಾಗಿಲು ತೆರೆದಿತ್ತು.

ಬಾಗಿಲು ಹಾಕುವವರಿಗೂ ಕಾರಣಗಳಿವೆ. ಸೋಂಕು ತಗಲುತ್ತೆ, ಗದ್ದಲವಾಗುತ್ತೆ, ಪಕ್ಕದ ಮಂಚದವಳಿಗೆ ಮುಜುಗರ. ಮೇಲಾಗಿ, ಸಂಬಂಧಿಕರು ಡಾಕ್ಟರ ಮೇಲೆ ಕೈ ಮಾಡುವ ಕಾಲ ಇದು. ಕೊನೆಯದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಉಳಿದವಕ್ಕೆ ಸರ್ಕಾರದ ಆ ಸೂಚನೆಯಲ್ಲೇ ಉತ್ತರವಿದೆ: ಬರುವವಳಿಗೆ ಅಂಟುರೋಗ ಇರಬಾರದು, ಶುಭ್ರ ಬಟ್ಟೆ ಹಾಕಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಬೇರೆ ಬಸುರಿಯರ ತಂಟೆಗೆ ಹೋಗಬಾರದು. ಮಂಚದ ನಡುವೆ ಪರದೆ ಹಾಕಲು ಎಷ್ಟು ಖರ್ಚು? ಮೇಲಾಗಿ ಇಪ್ಪತ್ತೆಂಟು ಸಾವಿರ ಕಟ್ಟಿದರೆ ಸೋಂಕು ತಗಲುವುದಿಲ್ಲವೆ? ಸೂಟಿನಲ್ಲಿ ಬಿಡಬಹುದಾದವಳನ್ನು ವಾರ್ಡಿನಲ್ಲಿ ಬಿಡುವುದಿಲ್ಲ ಅಂದರೆ ಕಾರಣ ಸೋಂಕಲ್ಲ.

ವಿಮೆಯದನ್ನೂ ಹೇಳಿಬಿಡುತ್ತೇನೆ. ನಮ್ಮ ಆಫೀಸಿನ ಪಾಲಿಸಿಯಲ್ಲಿ ಹೆರಿಗೆಗೆ ಐವತ್ತು ಸಾವಿರದ ಮಿತಿ, ಅದು ಬಂತು. ಡೂಲಾ ರಸೀದಿ ವೈದ್ಯಕೀಯ ವೆಚ್ಚವಲ್ಲ ಎಂಬ ಒಂದು ಸಾಲಿನ ಜೊತೆ ಹಿಂದೆ ಬಂತು.

ಈಗ ನಿಮ್ಮ ಸರದಿ. ಊರಲ್ಲಿರುವವರು ಇದನ್ನು ಓದಿ, ಪರಊರಿಗೆ ಹೋದವರ ಪಾಡು ನೋಡಿ ಅಂತ ಮರುಗಿ ಪುಟ ತಿರುವಬೇಡಿ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಸನ್ಮಾನ, ಎಷ್ಟು ಶಾಲು! ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ ಎಂದು ಭಾಷಣ ಮಾಡಿದವರೆಷ್ಟು! ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಮತ್ತೆ ಭಾಷಣ. ಸನ್ಮಾನ ಬೇಡ ಅಂತಲ್ಲ. ಆದರೆ ಅವರ ಕೈಯಲ್ಲಿ ಎರಡು ಕೆಲಸ ಇದ್ದವು. ಮಗುವನ್ನು ಹಿಡಿಯುವ ಕೆಲಸವನ್ನು ಡಾಕ್ಟರು, ನರ್ಸು ತಗೊಂಡರು. ಹೆರುವವಳ ಜೊತೆಗಿರುವ ಕೆಲಸವನ್ನು ಯಾರೂ ತಗೊಳ್ಳಲಿಲ್ಲ. ಬೆಂಗಳೂರಿನ, ತುಮಕೂರಿನ ಖಾಸಗಿ ಹೆರಿಗೆ ವಾರ್ಡಿಗೆ ನರಸಮ್ಮನಂಥವರು ಇವತ್ತು ಬಂದರೆ ಎಲ್ಲಿಯವರೆಗೆ ಬಿಡುತ್ತಾರೆ, ನೀವೇ ಹೇಳಿ. ಹೊರಗಿನ ಬೆಂಚಿನವರೆಗೆ.

ಹಾಗಂತ ಮನೆಯಲ್ಲೇ ಹೆರೋಣ ಅನ್ನುವ ಹೊಸ ಹುಚ್ಚಿಗೆ ನಾನು ತಾಳ ಹಾಕುವವಳಲ್ಲ. 2005-06ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ನೂರಕ್ಕೆ 38.7 ಹೆರಿಗೆ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ಕ್ಕೆ ಅದು 88.6. ಕರ್ನಾಟಕದಲ್ಲಿ 2001-03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018-20ಕ್ಕೆ 69. ನನ್ನ ಅಜ್ಜಿಯ ತಂಗಿ ಆ ಹೆಂಗಸರ ನಡುವೆ, ಆ ಕೋಣೆಯಲ್ಲೇ, ನೆತ್ತರು ಹರಿದು ಸತ್ತರು. ಆಸ್ಪತ್ರೆ ಬೇಕು. ಬಸುರಿಯನ್ನು ಆಸ್ಪತ್ರೆಗೆ ತಂದವರು ಅವಳ ಜೊತೆಗಾರ್ತಿಯನ್ನು ಗೇಟಿನಲ್ಲೇ ಬಿಟ್ಟರು, ಆಮೇಲೆ ಆ ಜೊತೆಯನ್ನೇ ಸೂಟಿನ ದರಪಟ್ಟಿಯಲ್ಲಿ ಮಾರಲು ಕೂತರು. ನನ್ನ ತಕರಾರು ಇಷ್ಟು. ಅದೇ 2019-21ರ ಸಮೀಕ್ಷೆಯಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ನೂರಕ್ಕೆ 14.3, ಖಾಸಗಿಯಲ್ಲಿ 47.4. ಕಷ್ಟದ ಹೆರಿಗೆಗಳೆಲ್ಲ ಖಾಸಗಿಗೇ ಹೋಗುತ್ತವೆ ಅಂತ ನಂಬಬೇಕಾದರೆ ನನಗೆ ಇನ್ನೂ ಸ್ವಲ್ಪ ಮುಗ್ಧತೆ ಬೇಕು.

ಡೂಲಾಗಳು ಇರಲಿ. ಕೊಡಬಲ್ಲವರು ಕೊಡಲಿ, ಅವರ ಕೂಲಿ ಅವರಿಗೆ ಸಿಗಲಿ. ಆದರೆ ಮೊದಲು ದುಡ್ಡಿಲ್ಲದೆ ಸಿಗಬೇಕಾದದ್ದು ಸಿಗಲಿ. ಬಸುರಿ ಯಾರನ್ನು ಕರೆತಂದರೂ ಸರಿ, ಅಮ್ಮನೋ ಅತ್ತಿಗೆಯೋ ಪಕ್ಕದ ಮನೆಯವಳೋ, ಒಬ್ಬಳನ್ನು ಖಾಸಗಿ ಆಸ್ಪತ್ರೆಯೂ ಶುಲ್ಕವಿಲ್ಲದೆ ಒಳಗೆ ಬಿಡಬೇಕು. ಯಾರೂ ಇಲ್ಲದೆ ಬಂದವಳಿಗೆ ಆಯಾಗಳಲ್ಲಿ ಒಬ್ಬರಿಗೆ ತರಬೇತಿ, ಸಂಬಳ ಕೊಟ್ಟು ಅದೇ ಕೆಲಸಕ್ಕೆ ಇಡಬೇಕು, ಶೀಟು ಬದಲಿಸಲು ಓಡಿಸಬಾರದು. ಹೊರನಾಡಿನ ನಮ್ಮ ಸಂಘಗಳೂ ನವೆಂಬರಿನ ಆರ್ಕೆಸ್ಟ್ರಾಗೆ ಚಂದಾ ಎತ್ತುವ ಉತ್ಸಾಹದಲ್ಲಿ ಕಾಲುಭಾಗ ಇಲ್ಲಿ ತೋರಿಸಿ, ಹೆರಿಗೆಗೆ ಜೊತೆ ಬರಲು ಒಪ್ಪುವ ಹತ್ತು ಹೆಂಗಸರ ಹೆಸರು ಬರೆದಿಟ್ಟರೆ ಸಾಕು. ಕನ್ನಡದಲ್ಲಿ "ಇನ್ನೊಂಚೂರು ಕಣಮ್ಮ" ಅನ್ನುವವರು ಪಕ್ಕದಲ್ಲಿರುತ್ತಾರೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಈಗ ಐದೋ ಆರೋ ತಿಂಗಳು ನಡೆಯುತ್ತಿರಬಹುದು. ಆಸ್ಪತ್ರೆಗೆ ಹೆಸರು ಬರೆಸಲು ಹೋದಾಗ ಕೋಣೆಗೆ ಎಸಿ ಇದೆಯಾ, ಊಟ ಹೇಗೆ ಅಂತ ಕೇಳುವ ಮುಂಚೆ ಕೇಳಿ: ನೋವಿನ ಹೊತ್ತಲ್ಲಿ ಜೊತೆಗೆ ಯಾರಿರಬಹುದು? ಯಾವಾಗಿನಿಂದ ಯಾವಾಗಿನವರೆಗೆ? ಅದಕ್ಕೆ ಬೇರೆ ದುಡ್ಡುಂಟಾ? ಕೌಂಟರಿನವರನ್ನಲ್ಲ, ಡಾಕ್ಟರನ್ನೇ ಕೇಳಿ. ಹೂಂ ಅಂದರೆ ಫೈಲಿನಲ್ಲಿ ಬರೆದು ಸಹಿ ಹಾಕಲು ಹೇಳಿ. ಮುಂಗಡ ಕಟ್ಟುವ ಮುಂಚೆಯೇ ಕೇಳಿ, ಕಟ್ಟಿದ ಮೇಲೆ ಅವರ ಉತ್ತರ ಬೇರೆ ಇರುತ್ತದೆ.